ಕಲಿಸುವವರಿಗೆ ಕಲಿಸಿದವರು ಯಾರು?



ನಿಮ್ಮ ಮಗುವಿಗೆ ಒಂದನೆಯ ತರಗತಿಯಲ್ಲಿ ಅಲಿಫ್-ಬೇ ಅಥವಾ ಅ-ಆ ಕಲಿಸುವ ಶಿಕ್ಷಕರನ್ನು ಒಮ್ಮೆ ಕೇಳಿ ನೋಡಿ. ಅವರು ಡಿ.ಎಡ್. ತರಬೇತಿ ಪಡೆದಿರುತ್ತಾರೆ. ಹೈಸ್ಕೂಲಿನ ಶಿಕ್ಷಕರು ಬಿ.ಎಡ್. ಮಾಡಿರುತ್ತಾರೆ. ಪಾಠ ಯೋಜನೆ ಬರೆದು, ಹಿಂದಿನ ಬೆಂಚಿನಲ್ಲಿ ಕುಳಿತ ಮೇಲ್ವಿಚಾರಕರ ಎದುರು ಪಾಠ ಮಾಡಿ, ತಪ್ಪುಗಳನ್ನು ಎಲ್ಲರ ಮುಂದೆ ಹೇಳಿಸಿಕೊಂಡು ಬಂದವರು ನಾವು. ಈಗ ಅದೇ ಮಗು ಬೆಳೆದು ಡಿಗ್ರಿ ಕಾಲೇಜಿಗೆ ಹೋಗುತ್ತದೆ ಎಂದುಕೊಳ್ಳಿ. ಅಲ್ಲಿ ಹೊಸದಾಗಿ ಬಂದ ಉಪನ್ಯಾಸಕರನ್ನು ಕೇಳಿ. ಎಂ.ಎ., ಎಂ.ಎಸ್ಸಿ., ನೆಟ್, ಕೆ-ಸೆಟ್, ಪಿಎಚ್.ಡಿ. ಎಂದು ಹೇಳುತ್ತಾರೆ. ಇವೆಲ್ಲ ಬಹಳ ಕಷ್ಟಪಟ್ಟು ಗಳಿಸಿದ ಅರ್ಹತೆಗಳೇ. ಆದರೆ ಅವೆಲ್ಲವೂ ಮುಖ್ಯವಾಗಿ ವಿಷಯ ಜ್ಞಾನವನ್ನು ಅಳೆಯುವಂಥವು. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಕೆಲವು ಪ್ರಶ್ನೆಗಳಿರುತ್ತವೆ, ನಿಜ. ಆದರೆ ಈಜಿನ ಬಗ್ಗೆ ಸರಿಯುತ್ತರಕ್ಕೆ ಗುರುತು ಹಾಕಿದವನು ಕೃಷ್ಣಾ ನದಿಗೆ ಇಳಿಯಬಲ್ಲನೇ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಪುಸ್ತಕದಿಂದಲ್ಲ. ನಮ್ಮಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಒಬ್ಬ ಹುಡುಗಿ ಪಿ.ಯು.ಸಿ. ಮುಗಿಸಿ ಡಿಗ್ರಿಗೆ ಸೇರಿದಳು. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ಅವಳೇ. ಆರು ತಿಂಗಳಿಗೆ ಕಾಲೇಜು ಬಿಟ್ಟಳು. ಕಾರಣ ಕೇಳಿದಾಗ ಅವಳು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಸರ್ ಒಳ್ಳೆಯವರೇ. ಆದರೆ ನಾವು ಎದುರಿಗೆ ಕುಳಿತಿದ್ದೇವೆ ಅಂತ ಅವರಿಗೆ ಗೊತ್ತೇ ಇಲ್ಲ.” ಕೆಲ ಕಾಲದ ನಂತರ ಆ ಉಪನ್ಯಾಸಕರನ್ನೂ ಭೇಟಿಯಾದೆ. ಅವರು ಕೆಲಸಕ್ಕೆ ಹಾಜರಾದ ದಿನವೇ ವೇಳಾಪಟ್ಟಿ ಕೈಗೆ ಬಂತಂತೆ, ಮುಂದಿನ ಗಂಟೆಗೆ ತರಗತಿ. ತಮಗೆ ಎಂ.ಎ.ಯಲ್ಲಿ ನೋಟ್ಸ್ ಬರೆಯಿಸಿದಂತೆಯೇ ಅವರೂ ಬರೆಯಿಸಿದರು. ಬೇರೆ ರೀತಿ ಮಾಡಬಹುದೆಂದು ಅವರಿಗೆ ಯಾರೂ ತೋರಿಸಿರಲಿಲ್ಲ. ತಪ್ಪು ಹುಡುಗಿಯದೂ ಅಲ್ಲ, ಉಪನ್ಯಾಸಕರದೂ ಅಲ್ಲ ಎಂದು ಅಂದು ನನಗನ್ನಿಸಿತು. ಹಾಗಾದರೆ ಯಾರದು? ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ತಿಳಿದ ಇತಿಹಾಸವನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಪರಂಪರೆಯಲ್ಲಿ

ಕಲಿಸುವವನನ್ನು ಮೊದಲು ತಯಾರು ಮಾಡಬೇಕೆಂಬುದು ಹೊಸ ವಿಚಾರವಲ್ಲ. ಪ್ರವಾದಿ ಮುಹಮ್ಮದ್ (ಸ) ಅವರು ಮುಆಝ್ ಬಿನ್ ಜಬಲ್ (ರ) ಅವರನ್ನು ಯಮನ್ ಪ್ರಾಂತಕ್ಕೆ ಕಳಿಸುವಾಗ, ಅಲ್ಲಿ ಹೇಗೆ ನಡೆದುಕೊಳ್ಳುವಿರಿ ಎಂದು ಪ್ರಶ್ನಿಸಿ, ಉತ್ತರ ಕೇಳಿ ಕಳಿಸಿಕೊಟ್ಟರೆಂಬುದು ನಾವೆಲ್ಲ ಕೇಳಿದ ಪ್ರಸಂಗ. ಜನರಿಗೆ ಕಷ್ಟವಾಗದಂತೆ, ಸುಲಭವಾಗುವಂತೆ ನಡೆಯಬೇಕೆಂಬ ಬುದ್ಧಿಮಾತನ್ನೂ ಹೇಳಿ ಕಳಿಸಿದರು. ಹೊಸ ಜವಾಬ್ದಾರಿ ಹೊತ್ತವನನ್ನು ಸಿದ್ಧಗೊಳಿಸಿಯೇ ಕಳಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಮುಂದೆ ಬಾಗ್ದಾದಿನ ನಿಝಾಮಿಯಾದಂಥ ದೊಡ್ಡ ಮದರಸಾಗಳು ಬಂದವು. ಮದರಸಾಗಳಲ್ಲಿ ‘ಮುಈದ್’ ಎಂಬ ಒಂದು ಹುದ್ದೆ ಇತ್ತು. ಮುದರ್ರಿಸ್, ಅಂದರೆ ಪ್ರಧಾನ ಅಧ್ಯಾಪಕರು ಪಾಠ ಹೇಳಿ ಮುಗಿಸಿದ ಮೇಲೆ ಈ ಮುಈದ್ ಅದೇ ಪಾಠವನ್ನು ಮತ್ತೊಮ್ಮೆ ಬಿಡಿಸಿ ಹೇಳಿ, ತಿಳಿಯದವರಿಗೆ ತಿಳಿಸುತ್ತಿದ್ದ. ಇದರಿಂದ ವಿದ್ಯಾರ್ಥಿಗಳಿಗೆ ಲಾಭವಾದಷ್ಟೇ ಲಾಭ ಮುಈದ್‌ಗೂ ಆಗುತ್ತಿತ್ತು. ಹಿರಿಯರ ನೆರಳಿನಲ್ಲಿ ಅವನು ಕಲಿಸುವುದನ್ನು ಕಲಿಯುತ್ತಿದ್ದ. ನಿಝಾಮಿಯಾದಲ್ಲಿ 1091ರಿಂದ 1095ರವರೆಗೆ ಪಾಠ ಹೇಳಿದ ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ವಿದ್ಯಾರ್ಥಿಯ ಕರ್ತವ್ಯಗಳ ಜೊತೆಗೆ ಗುರುವಿನ ಕರ್ತವ್ಯಗಳನ್ನೂ ಬರೆದಿದ್ದಾರೆ. ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದ್ದಾರೆ. ಹೊಸ ವಿದ್ಯಾರ್ಥಿಯ ತಲೆಯ ಮೇಲೆ ಮೊದಲ ದಿನವೇ ಅತಿ ಕಠಿಣ ವಿಷಯ ಹೇರುವ ಅಧ್ಯಾಪಕರು ಕಲಿಸುವ ವಿಧಾನವನ್ನೇ ಅರಿಯದವರು ಎಂಬುದು ಅವರ ಅಭಿಪ್ರಾಯ. ವಿಷಯವನ್ನು ಮೂರು ಸುತ್ತಿನಲ್ಲಿ, ಪ್ರತಿ ಸುತ್ತಿಗೂ ಸ್ವಲ್ಪ ಆಳಕ್ಕೆ ಇಳಿಸುತ್ತ ಕಲಿಸಬೇಕೆಂದು ಅವರು ಸೂಚಿಸಿದರು. ಇಂದು ನಾವು ಬಿ.ಎಡ್. ಪಠ್ಯದಲ್ಲಿ ‘ಸರಳದಿಂದ ಸಂಕೀರ್ಣಕ್ಕೆ’ ಎಂದು ಓದುವುದು ಇದನ್ನೇ.

ನಮ್ಮ ನಾಡಿನಲ್ಲಿಯೂ ಬೀದರಿನಲ್ಲಿ ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. ಅರ್ಧ ಕುಸಿದ ಆ ಕಟ್ಟಡವನ್ನು ಪ್ರವಾಸದಲ್ಲಿ ನೋಡುವಾಗ ನಾವು ಮೀನಾರನ್ನೂ ಬಣ್ಣದ ಹೆಂಚುಗಳನ್ನೂ ಹೊಗಳುತ್ತೇವೆ. ಆ ಕೋಣೆಗಳು ಕಟ್ಟಿದ್ದು ಗುರು-ಶಿಷ್ಯರು ಒಂದೇ ಸೂರಿನಡಿ ಬಾಳಲೆಂದು ಎಂಬುದನ್ನು ಮರೆಯುತ್ತೇವೆ.

ನಮ್ಮ ಭಾಗಕ್ಕೆ ಕಾಲೇಜು ಬಂದ ಬಗೆ

ಇಂಗ್ಲಿಷರ ಆಳ್ವಿಕೆಯಲ್ಲಿ ಈ ಕ್ರಮ ಎರಡು ಹೋಳಾಯಿತು. 1854ರ ವುಡ್ ಅವರ ಶಿಕ್ಷಣ ಆದೇಶದಲ್ಲಿ ಶಾಲಾ ಶಿಕ್ಷಕರ ತರಬೇತಿಗೆ ಸಂಸ್ಥೆಗಳನ್ನು ತೆರೆಯಬೇಕೆಂಬ ಮಾತಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಕಾಲದಲ್ಲೇ ಧಾರವಾಡದಲ್ಲಿ ಹಳ್ಳಿಯ ಮಾಸ್ತರರನ್ನು ತಯಾರು ಮಾಡುವ ಕೆಲಸ ನಡೆಯುತ್ತಿತ್ತು. ಅದೇ ಆದೇಶದ ಫಲವಾಗಿ 1857ರಲ್ಲಿ ಮುಂಬೈ, ಕಲಕತ್ತಾ, ಮದ್ರಾಸ್ ವಿಶ್ವವಿದ್ಯಾಲಯಗಳೂ ಹುಟ್ಟಿದವು. ಆದರೆ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ತರಬೇತಿ ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಪದವಿಯೇ ಸಾಕು, ವಿದ್ವತ್ತು ಇದ್ದಲ್ಲಿ ಕಲಿಸುವ ಕಲೆ ತಾನಾಗಿಯೇ ಬರುತ್ತದೆ ಎಂದು ಭಾವಿಸಿದರು. ಇಂದಿನವರೆಗೂ ನಮ್ಮನ್ನು ಕಾಡುತ್ತಿರುವುದು ಆ ಭಾವನೆಯೇ.

ಆ ಕಾಲಕ್ಕೆ ಅದು ಅಷ್ಟೇನೂ ತೊಂದರೆ ಕೊಡಲಿಲ್ಲ. ಯಾಕೆಂದರೆ ಕಾಲೇಜುಗಳೇ ಕಡಿಮೆ. ಇಂದಿನ ನಮ್ಮ ನಾಲ್ಕು ತಾಲೂಕುಗಳು ಆಗ ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಹೈಸ್ಕೂಲು ಮುಗಿಸಿದ ಹುಡುಗ ಮುಂದೆ ಓದಬೇಕೆಂದರೆ ಪುಣೆಗೋ ಕೊಲ್ಹಾಪುರಕ್ಕೋ ಹೋಗಬೇಕಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ, ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಬಂದದ್ದು 1933ರಲ್ಲಿ. ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು ಓದಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. ಮುಂದೆ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯೂ ದೇಶದ ಉಪರಾಷ್ಟ್ರಪತಿಯೂ ಆದರು.

1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರ ಹೆಸರನ್ನು ನೀವು ಕೇಳಿರಬಹುದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಫರ್ಗ್ಯುಸನ್ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಉಪಕುಲಪತಿಯೂ ಆದರು. ಅವರು ಯಾವ ತರಬೇತಿ ಕೋರ್ಸಿಗೂ ಹೋದವರಲ್ಲ. ಆದರೆ ಅವರ ಕಾಲದ ಕಾಲೇಜಿನಲ್ಲಿ ಅಧ್ಯಾಪಕರು ಬೆರಳೆಣಿಕೆಯಷ್ಟು. ಹೊಸಬನು ಹಿರಿಯರ ಜೊತೆ ವರ್ಷಗಟ್ಟಲೆ ಇದ್ದು, ನೋಡಿ, ಕೇಳಿ, ಕಲಿಯಲು ಅವಕಾಶವಿತ್ತು. ಅದೂ ಒಂದು ರೀತಿಯ ತರಬೇತಿಯೇ, ಸರ್ಟಿಫಿಕೇಟ್ ಮಾತ್ರ ಇರಲಿಲ್ಲ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಸುಮಾರು 20 ವಿಶ್ವವಿದ್ಯಾಲಯಗಳು, 500 ಕಾಲೇಜುಗಳಿದ್ದವು. 2021-22ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ 1,168 ವಿಶ್ವವಿದ್ಯಾಲಯಗಳು, 45 ಸಾವಿರಕ್ಕೂ ಹೆಚ್ಚು ಕಾಲೇಜುಗಳು ದಾಖಲಾಗಿವೆ. ನಮ್ಮ ಭಾಗದಲ್ಲೂ ಜಮಖಂಡಿಯಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು, ಮುಧೋಳದಲ್ಲಿ ಎಸ್. ಆರ್. ಕಂಠಿ ಕಾಲೇಜು, ಬನಹಟ್ಟಿಯಲ್ಲಿ ಎಸ್.ಟಿ.ಸಿ. ಕಾಲೇಜು, ಜೊತೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಂದವು. ನೇಕಾರನ ಮಗ, ಕಬ್ಬು ಕಡಿಯುವವನ ಮಗಳು ಕಾಲೇಜಿಗೆ ಹೋಗುವಂತಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಕಾಲೇಜುಗಳು ಬೆಳೆದ ವೇಗದಲ್ಲಿ ಹೊಸಬನ ಪಕ್ಕದಲ್ಲಿ ನಿಂತು ತಿದ್ದುವ ಹಿರಿಯರು ಬೆಳೆಯಲಿಲ್ಲ.

ಉಪ್ಪಿನಬೆಟಗೇರಿಯಿಂದ ದೆಹಲಿಗೆ

ಸ್ವಾತಂತ್ರ್ಯದ ನಂತರ ನೇಮಕವಾದ ಮೊದಲ ಆಯೋಗ ಡಾ. ರಾಧಾಕೃಷ್ಣನ್ ಅವರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ (1948-49). ಅಲೀಗಢದ ಉಪಕುಲಪತಿಯಾಗಿದ್ದ ಡಾ. ಝಾಕಿರ್ ಹುಸೇನ್ ಅವರೂ ಅದರ ಸದಸ್ಯರಾಗಿದ್ದರು. ರಜೆಯಲ್ಲಿ ಪುನಶ್ಚೇತನ ತರಗತಿ ನಡೆಸಬೇಕೆಂದು ಆ ಆಯೋಗ ಹೇಳಿದ್ದು ಹೈಸ್ಕೂಲು ಮತ್ತು ಇಂಟರ್‌ಮೀಡಿಯೆಟ್ ಅಧ್ಯಾಪಕರಿಗೆ. ಗಮನಿಸಿ, ತರಬೇತಿ ಎಂದೊಡನೆ ಅಂದಿಗೂ ಮೊದಲು ನೆನಪಾದವರು ಕೆಳಗಿನ ತರಗತಿಯವರೇ.

ಕಾಲೇಜಿನ ಹೊಸ ಉಪನ್ಯಾಸಕರ ಬಗ್ಗೆ ನೇರವಾಗಿ ಮಾತಾಡಿದ್ದು ಕೊಠಾರಿ ಆಯೋಗ (1964-66). ಅದರ ಸದಸ್ಯ-ಕಾರ್ಯದರ್ಶಿ ಜೆ. ಪಿ. ನಾಯಕರು. ಇವರು ನಮಗೆ ಹೊರಗಿನವರಲ್ಲ. ಕೊಲ್ಹಾಪುರ ಜಿಲ್ಲೆಯಲ್ಲಿ 1907ರಲ್ಲಿ ಹುಟ್ಟಿ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದ ಮೇಲೆ 1930ರ ದಶಕದಲ್ಲಿ ಧಾರವಾಡ ಸಮೀಪದ ಉಪ್ಪಿನಬೆಟಗೇರಿಯಲ್ಲಿ ನೆಲೆಸಿ ಹಳ್ಳಿಯ ಜನರ ಸೇವೆ ಮಾಡಿದವರು. ಹಳ್ಳಿಯ ಶಾಲೆ ಹೇಗಿರುತ್ತದೆಂದು ಕಣ್ಣಾರೆ ಕಂಡ ಮನುಷ್ಯ ದೆಹಲಿಯಲ್ಲಿ ಕುಳಿತು ದೇಶದ ಶಿಕ್ಷಣದ ವರದಿ ಬರೆದರು. ಪ್ರತಿಯೊಂದು ವಿಶ್ವವಿದ್ಯಾಲಯದಲ್ಲೂ, ಸಾಧ್ಯವಾದರೆ ಪ್ರತಿಯೊಂದು ಕಾಲೇಜಿನಲ್ಲೂ ಹೊಸ ಅಧ್ಯಾಪಕರಿಗೆ ಪರಿಚಯ ತರಬೇತಿ ನಡೆಯಬೇಕು, ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅದಕ್ಕಾಗಿಯೇ ಕಾಯಂ ‘ಸ್ಟಾಫ್ ಕಾಲೇಜು’ ಇರಬೇಕು ಎಂಬುದು ಆ ವರದಿಯ ಸಲಹೆ. ವರ್ಷ 1966.

ಸಲಹೆ ಜಾರಿಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯು.ಜಿ.ಸಿ.ಯು ‘ಅಕಾಡೆಮಿಕ್ ಸ್ಟಾಫ್ ಕಾಲೇಜು’ಗಳ ಯೋಜನೆ ತಂದಿತು. ಮೊದಲಿಗೆ 48 ಕೇಂದ್ರಗಳಿಗೆ ಒಪ್ಪಿಗೆ ದೊರೆಯಿತು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಕೇಂದ್ರ 1987ರಲ್ಲೇ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಇಂಥ ಕೇಂದ್ರಗಳು ಬಂದವು. ಹೊಸ ಉಪನ್ಯಾಸಕರಿಗೆ ನಾಲ್ಕು ವಾರ, 144 ಗಂಟೆಗಳ ಓರಿಯೆಂಟೇಶನ್ ಕೋರ್ಸ್. ಸೇವೆಯಲ್ಲಿದ್ದವರಿಗೆ ಮೂರು ವಾರದ ರಿಫ್ರೆಶರ್ ಕೋರ್ಸ್. ಸಮಾಜ ಮತ್ತು ಶಿಕ್ಷಣದ ಸಂಬಂಧ, ಬೋಧನಾ ವಿಧಾನ, ಜ್ಞಾನದ ಮೂಲಗಳು, ವ್ಯಕ್ತಿತ್ವ ಮತ್ತು ನಿರ್ವಹಣೆ ಎಂದು ಓರಿಯೆಂಟೇಶನ್ ಪಠ್ಯಕ್ಕೆ ನಾಲ್ಕು ಭಾಗಗಳಿದ್ದವು.

ಇಂಗ್ಲೆಂಡಿನಲ್ಲಿ ಪೂರ್ಣಾವಧಿ ಹೊಸ ಅಧ್ಯಾಪಕರೆಲ್ಲರಿಗೂ ಮಾನ್ಯತೆ ಪಡೆದ ಬೋಧನಾ ತರಬೇತಿ ಇರಬೇಕೆಂದು ಡಿಯರಿಂಗ್ ಸಮಿತಿ ಹೇಳಿದ್ದು 1997ರಲ್ಲಿ. ಅಂದರೆ ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ವಿಚಾರವೂ ಇತ್ತು, ಸಂಸ್ಥೆಯೂ ಇತ್ತು.

ತರಬೇತಿ ಸರ್ಟಿಫಿಕೇಟ್ ಆದದ್ದು

ಹಾಗಾದರೆ ಕೊರತೆ ಎಲ್ಲಿ? ಈ ತರಬೇತಿಯನ್ನು ಬಡ್ತಿಗೆ ಕಟ್ಟಿಹಾಕಿದರು. ಹಿರಿಯ ವೇತನ ಶ್ರೇಣಿ ಬೇಕೆಂದರೆ ಓರಿಯೆಂಟೇಶನ್, ರಿಫ್ರೆಶರ್ ಮುಗಿಸಿರಬೇಕು ಎಂಬ ನಿಯಮ ಬಂತು. ಉದ್ದೇಶ ಒಳ್ಳೆಯದೇ, ಹಾಗಿಲ್ಲದಿದ್ದರೆ ಬಹಳ ಜನ ಹೋಗುತ್ತಿರಲಿಲ್ಲವೇನೋ. ಆದರೆ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಬೇಕಾದ ವಿದ್ಯೆ, ಬಡ್ತಿಯ ಅರ್ಜಿ ಹಾಕುವ ಮುನ್ನ ಪಡೆಯುವ ಕಾಗದವಾಯಿತು. ಮೂರು ನಾಲ್ಕು ವರ್ಷ ನೋಟ್ಸ್ ಬರೆಯಿಸಿದ ಮೇಲೆ ಬೇರೆ ರೀತಿ ಕಲಿಸಿರಿ ಎಂದರೆ, ಬಗ್ಗದ ಮರವನ್ನು ಬಗ್ಗಿಸಿದಂತೆ.

ನಂತರ ಹೆಸರುಗಳು ಬದಲಾದವು. 2015ರ ಹೊತ್ತಿಗೆ ಸ್ಟಾಫ್ ಕಾಲೇಜುಗಳು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2019ರಲ್ಲಿ ಯು.ಜಿ.ಸಿ. ‘ಗುರು-ದಕ್ಷತಾ’ ಎಂಬ ಹೆಸರಿನಲ್ಲಿ ಹೊಸ ಅಧ್ಯಾಪಕರಿಗೆ ಒಂದು ತಿಂಗಳ ಪ್ರವೇಶ ತರಬೇತಿಯ ಮಾರ್ಗಸೂಚಿ ಹೊರಡಿಸಿತು. 2023ರಲ್ಲಿ ಈ ಕೇಂದ್ರಗಳು ಮಾಲವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳೆನಿಸಿ, ದೇಶದಾದ್ಯಂತ 111 ಆದವು. ನಮ್ಮ ರಾಜ್ಯ ಸರ್ಕಾರವೂ 2010ರ ದಶಕದಲ್ಲಿ ಧಾರವಾಡದಲ್ಲಿ ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಅಕಾಡೆಮಿಯನ್ನು ತೆರೆದು, ಸರ್ಕಾರಿ ಕಾಲೇಜುಗಳಿಗೆ ನೇಮಕಗೊಂಡ ಹೊಸ ಸಹಾಯಕ ಪ್ರಾಧ್ಯಾಪಕರನ್ನು ಅಲ್ಲಿಯೇ ಉಳಿಸಿಕೊಂಡು ತರಬೇತಿ ಕೊಡುವ ಕ್ರಮ ತಂದಿತು. ಇದು ನಿಜಕ್ಕೂ ಮೆಚ್ಚತಕ್ಕ ಹೆಜ್ಜೆ.

ಬಾಗಿಲ ಹೊರಗೆ ನಿಂತವರು

ಆದರೆ ಓದುಗರೇ, ಇಷ್ಟೆಲ್ಲ ವ್ಯವಸ್ಥೆ ಯಾರಿಗಾಗಿ? ಕಾಯಂ ನೇಮಕಗೊಂಡವರಿಗಾಗಿ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. ಅವರ ನೇಮಕ ಆಯಾ ಶೈಕ್ಷಣಿಕ ವರ್ಷದ ಮಟ್ಟಿಗೆ ಮಾತ್ರ.

ನಿಯಮದಲ್ಲಿ ಅವರಿಗೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕನಿಷ್ಠ ಮೂರು ಶೈಕ್ಷಣಿಕ ವರ್ಷ ಕಲಿಸಿದ ತಾತ್ಕಾಲಿಕ ಅಧ್ಯಾಪಕರು ಸ್ಟಾಫ್ ಕಾಲೇಜಿನ ಕೋರ್ಸಿಗೆ ಬರಬಹುದೆಂದು ಯು.ಜಿ.ಸಿ. ಮಾರ್ಗಸೂಚಿಯಲ್ಲಿ ಹೇಳಿತ್ತು. ಆದರೆ ಸ್ವಲ್ಪ ಯೋಚಿಸಿ. ಮೂರು ವರ್ಷ ಕಲಿಸಿದವನು ಹೊಸಬನೇ? ಆ ಮೂರು ವರ್ಷಗಳಲ್ಲಿ ಅವನ ಎದುರು ಕುಳಿತು ಹೋದ ವಿದ್ಯಾರ್ಥಿಗಳ ಗತಿಯೇನು? ಇನ್ನು, ಮುಂದಿನ ವರ್ಷ ಕೆಲಸ ಉಳಿಯುವುದೋ ಇಲ್ಲವೋ ಎಂಬ ಚಿಂತೆಯಲ್ಲಿರುವವನು ನಾಲ್ಕು ವಾರ ಊರು ಬಿಟ್ಟು, ಜಮಖಂಡಿಯಿಂದ ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ಕೂಡಬಲ್ಲನೇ? ಬಡ್ತಿಯೇ ಇಲ್ಲದವನಿಗೆ ಬಡ್ತಿಯ ಸರ್ಟಿಫಿಕೇಟ್ ಯಾಕೆ ಬೇಕು? ಹೀಗೆ ತರಬೇತಿ ಅತಿ ಹೆಚ್ಚು ಬೇಕಾದವರಿಗೇ ಅದು ದೂರವಾಯಿತು. ಕಾಲೇಜು ಬಿಟ್ಟ ಆ ಹುಡುಗಿಗೆ ಪಾಠ ಮಾಡಿದವರೂ ಅತಿಥಿ ಉಪನ್ಯಾಸಕರೇ.

ಇದರ ಪೆಟ್ಟು ಹೆಚ್ಚು ಬೀಳುವುದು ಮನೆಯಲ್ಲಿ ಓದಿದವರು ಇಲ್ಲದ ಮಕ್ಕಳಿಗೆ. ಅಪ್ಪ-ಅಮ್ಮ ಪದವೀಧರರಾದರೆ ಕಾಲೇಜಿನಲ್ಲಿ ತಿಳಿಯದ್ದನ್ನು ಮನೆಯಲ್ಲಿ ಕೇಳಬಹುದು, ಟ್ಯೂಶನ್‌ಗೆ ಹೋಗಬಹುದು. ನಮ್ಮ ಮಕ್ಕಳಿಗೆ ತರಗತಿಯೊಂದೇ ಗತಿ. ಅದೇ 2021-22ರ ಸಮೀಕ್ಷೆಯಂತೆ ದೇಶದ ಉನ್ನತ ಶಿಕ್ಷಣದಲ್ಲಿದ್ದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಸುಮಾರು 21 ಲಕ್ಷ, ಅಂದರೆ ನೂರಕ್ಕೆ ಐದೂ ಇಲ್ಲ. 2011ರ ಜನಗಣತಿಯಲ್ಲಿ ನಮ್ಮ ಪಾಲು ನೂರಕ್ಕೆ 14ಕ್ಕೂ ಸ್ವಲ್ಪ ಹೆಚ್ಚು. ಬಡತನ, ಬೇಗ ಮದುವೆ, ದೂರದ ಕಾಲೇಜು ಮುಂತಾದ ಕಾರಣಗಳು ನಮಗೆಲ್ಲ ಗೊತ್ತು. ಅವುಗಳ ಜೊತೆಗೆ ‘ಕುಳಿತರೂ ತಿಳಿಯದ ಪಾಠ’ ಎಂಬ ಕಾರಣವನ್ನೂ ಸೇರಿಸಿಕೊಳ್ಳಬೇಕು.

ನಾವೇನು ಮಾಡಬಹುದು?

ಪದವಿ ಕಾಲೇಜುಗಳ ಮಟ್ಟಿಗೆ ನಮ್ಮ ಭಾಗ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 2023ರಲ್ಲಿ ಬಾಗಲಕೋಟ ವಿಶ್ವವಿದ್ಯಾಲಯ ನಮ್ಮ ಜಮಖಂಡಿಯಲ್ಲೇ ಆರಂಭವಾಯಿತು. ಹಿಂದೆ ದೂರದ ಊರುಗಳಿಗೆ ಹೋಗಿ ಕೇಳಬೇಕಾಗಿದ್ದ ಬೇಡಿಕೆಯನ್ನು ಮನೆಯ ಬಾಗಿಲಲ್ಲೇ ಇಡುವ ಅವಕಾಶ ಇದರಿಂದ ಬಂದಿದೆ. ಆದ್ದರಿಂದ ಸಂಸ್ಥೆಯ ಸದಸ್ಯರಲ್ಲಿ ನನ್ನ ಮೂರು ವಿನಂತಿಗಳಿವೆ.

ಒಂದನೆಯದು, ಪ್ರತಿ ವರ್ಷ ತರಗತಿಗಳು ಆರಂಭವಾಗುವ ಮುನ್ನ ನಾಲ್ಕೂ ತಾಲೂಕಿನ ಹೊಸ ಉಪನ್ಯಾಸಕರಿಗೆ, ಅತಿಥಿ ಉಪನ್ಯಾಸಕರನ್ನೂ ಸೇರಿಸಿ, ಒಂದು ವಾರದ ತರಬೇತಿ ನಡೆಸಲು ವಿಶ್ವವಿದ್ಯಾಲಯವನ್ನು ಸಂಸ್ಥೆಯ ಪರವಾಗಿ ಕೋರೋಣ. ಆ ವಾರಕ್ಕೂ ಗೌರವಧನ ಸಿಗಬೇಕು. ಕೊಠಾರಿ ವರದಿಯಲ್ಲಿದ್ದ ‘ಪ್ರತಿಯೊಂದು ವಿಶ್ವವಿದ್ಯಾಲಯದಲ್ಲೂ’ ಎಂಬ ಸಲಹೆಗೆ ಹೊಸ, ಚಿಕ್ಕ ವಿಶ್ವವಿದ್ಯಾಲಯವೂ ಸೇರಿದೆ.

ಎರಡನೆಯದು ನಮ್ಮ ಕೈಯಲ್ಲೇ ಇದೆ. ನಮ್ಮಲ್ಲಿ ಬಿ.ಎಡ್. ಮಾಡಿದ ಶಿಕ್ಷಕರಿದ್ದಾರೆ, ಕಾಲೇಜಿನಲ್ಲಿ ಕಲಿಸುವ ಯುವಕರೂ ಇದ್ದಾರೆ. ವರ್ಷಕ್ಕೆ ಒಂದೆರಡು ದಿನ ಇವರು ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತರೆ ಇಬ್ಬರಿಗೂ ಲಾಭ. ಇದರಲ್ಲಿ ಮೇಲು-ಕೀಳಿನ ಪ್ರಶ್ನೆ ಬರಬಾರದು. ವಿಷಯ ಅವರಿಂದ ನಾವು ಕಲಿಯೋಣ, ವಿಧಾನ ನಮ್ಮಿಂದ ಅವರು ಕಲಿಯಲಿ.

ಮೂರನೆಯದು, ಉರ್ದು ಮಾಧ್ಯಮದ ಮಕ್ಕಳಿಗಾಗಿ ಪಾರಿಭಾಷಿಕ ಪದಗಳ ಒಂದು ಚಿಕ್ಕ ಕೈಪಿಡಿ. ‘ತಲಬ್’ ಎಂದು ಓದಿದ್ದೇ ‘ಬೇಡಿಕೆ’, ಅದೇ ‘ಡಿಮ್ಯಾಂಡ್’. ‘ಜಮ್ಹೂರಿಯತ್’ ಎಂದರೆ ‘ಪ್ರಜಾಪ್ರಭುತ್ವ’, ಅದೇ ‘ಡೆಮಾಕ್ರಸಿ’. ತನಗೆ ಗೊತ್ತಿದ್ದ ವಿಷಯವೇ ಬೇರೆ ಹೆಸರಿನಲ್ಲಿ ಬಂದಾಗ ಎಷ್ಟೋ ಮಕ್ಕಳು ತಮಗೆ ಏನೂ ಗೊತ್ತಿಲ್ಲವೆಂದು ಹೆದರುತ್ತಾರೆ. ಉರ್ದು, ಕನ್ನಡ ಎರಡೂ ಬಲ್ಲ ನಾವು ಕೆಲವರು ಕುಳಿತರೆ ಒಂದು ಬೇಸಿಗೆಯಲ್ಲಿ ಇದನ್ನು ಮುಗಿಸಬಹುದು. ಹೊಸ ಉಪನ್ಯಾಸಕರ ಮೇಜಿನ ಮೇಲೂ ಅದರ ಒಂದು ಪ್ರತಿ ಇರಲಿ. ತನ್ನೆದುರು ಕುಳಿತವರು ಯಾವ ದಾರಿಯಿಂದ ಬಂದಿದ್ದಾರೆಂದು ತಿಳಿಯುವುದೇ ತರಬೇತಿಯ ಮೊದಲ ಪಾಠ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಪಾಠ ತಿಳಿಯಲಿಲ್ಲವೆಂದು ಕಾಲೇಜು ಬಿಡಬೇಡಿರಿ. ಕೈ ಎತ್ತಿ, ವಿನಯದಿಂದ, “ಸರ್, ಇನ್ನೊಮ್ಮೆ ಹೇಳಿ” ಎನ್ನಿರಿ. ಹೊಸ ಉಪನ್ಯಾಸಕರಿಗೆ ಅಂಥ ಪ್ರಶ್ನೆಯೂ ಒಂದು ತರಬೇತಿಯೇ. ನಿಮ್ಮಲ್ಲಿ ಕೆಲವರು ನಾಳೆ ಅದೇ ಮೇಜಿನ ಆಚೆ ನಿಲ್ಲುವವರು. ಆಗ ಮೊದಲ ದಿನ ಪುಸ್ತಕ ತೆರೆಯುವ ಮುನ್ನ ಒಮ್ಮೆ ತಲೆ ಎತ್ತಿ ನೋಡಿರಿ, ಎದುರಿಗೆ ಯಾರು ಕುಳಿತಿದ್ದಾರೆಂದು.